ಒಪ್ಪಿಕೊಂಡರೆ ಮುಗಿಯಿತೇ? ಆರನೇ ಕಂತು ನೋಡಿದವರಿಗೆ ಒಂದು ಮಾತು

ಸಂಪಾದಕರಿಗೆ ನಮಸ್ಕಾರ.

ಶನಿವಾರ ರಾತ್ರಿಯ ಪತ್ತೇದಾರಿ ಧಾರಾವಾಹಿಯ ಆರನೇ ಕಂತಿನ ಬಗ್ಗೆ ನಿಮ್ಮ ಟಿವಿ ಪುಟದಲ್ಲಿ ‘ಕೊನೆಗೂ ಸಿಕ್ಕಿಬಿದ್ದ’ ಎಂಬ ತಲೆಬರಹ ಇತ್ತು. ಅದನ್ನು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಧಾರಾವಾಹಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಇನ್ನೂ ನೋಡದವರು ಇದ್ದಾರೆ, ಅವರ ಕುತೂಹಲ ಕೆಡಿಸಬಾರದು. ನೋಡುತ್ತಿರುವವರಿಗೆ ಮುಂದಿನ ನಾಲ್ಕು ಸಾಲಿನಲ್ಲೇ ಯಾವುದೆಂದು ತಿಳಿಯುತ್ತದೆ.

ಆ ಹುಡುಗ ಸಿಕ್ಕಿಬಿದ್ದಿಲ್ಲ. ಒಪ್ಪಿಕೊಂಡಿದ್ದಾನೆ, ಅಷ್ಟೇ. ಇವೆರಡರ ನಡುವೆ ತುಂಬಾ ದೂರ ಇದೆ.

ನಾನು ಕೋರ್ಟಿನಲ್ಲಿ ಸ್ಟೆನೋ ಆಗಿದ್ದವಳು. ಸಾಕ್ಷಿಕಟ್ಟೆಯಲ್ಲಿ ನಿಂತವರು ಹೇಳಿದ್ದನ್ನು ಬರೆದುಕೊಂಡು ಟೈಪ್ ಮಾಡುವುದೇ ನನ್ನ ಕೆಲಸವಾಗಿತ್ತು. ಈಗ ನಿವೃತ್ತಿಯಾಗಿದ್ದೇನೆ. ಶನಿವಾರದ ಕಂತು ಮುಗಿದ ಕೂಡಲೇ ನಮ್ಮ ಚರ್ಚೆ ಶುರುವಾಗುತ್ತದೆ. ನಾನು, ಫೋನಿನಲ್ಲಿ ನನ್ನ ತಂಗಿ, ಬ್ಯಾಂಕಿನಲ್ಲಿ ಕೆಲಸ ಮಾಡಿದ್ದ ಗೆಳತಿ, ಮೇಲಿನ ಮನೆಯ ಕಾಲೇಜು ಹುಡುಗ. ಅಭಿಮಾನಿಗಳು ಅಂದರೆ ಹೊತ್ತು ಹೋಗದೆ ಹರಟುವವರು ಎಂದು ಕೆಲವರು ತಿಳಿದಿದ್ದಾರೆ. ಹಾಗಲ್ಲ. ಐದು ಕಂತುಗಳವರೆಗೆ ನಮ್ಮವರು ತೋರಿಸಿದ ಎಚ್ಚರ ನೋಡಿದರೆ ಯಾರಿಗಾದರೂ ಗೌರವ ಬರಬೇಕು. ಮೇಲಿನ ಮನೆಯ ಹುಡುಗ ಕೊಲೆ ನಡೆದ ಮನೆಯ ನಕ್ಷೆಯನ್ನೇ ಹಾಳೆಯ ಮೇಲೆ ಬರೆದ. ಬಾಗಿಲು ಎಲ್ಲಿ, ಕಿಟಕಿ ಎಲ್ಲಿ, ಮೇಜಿನಿಂದ ಹಾಸಿಗೆಗೆ ಎಷ್ಟು ದೂರ, ಎಲ್ಲವನ್ನೂ ಗುರುತು ಮಾಡಿದ. ಗೆಳತಿ ಲೆಕ್ಕದವಳು. ಯಾರು ಎಷ್ಟು ಗಂಟೆಗೆ ಎಲ್ಲಿದ್ದೆ ಅಂತ ಹೇಳಿದರೋ ಅದನ್ನೆಲ್ಲ ಪಟ್ಟಿ ಮಾಡಿದಳು. ಮೇಜಿನ ಮೇಲೆ ಎರಡು ಲೋಟ ಇದ್ದದ್ದನ್ನು ಮೊದಲು ಕಂಡವಳೂ ಅವಳೇ. ‘ಒಂದು ಟೀಚರದ್ದು. ಎರಡನೆಯದು ಯಾರದ್ದು? ಕೂತು ನೀರು ಕುಡಿಯುವಷ್ಟು ಪರಿಚಯ ಇದ್ದವರು ಯಾರೋ ಬಂದಿದ್ದಾರೆ’ ಎಂದು ಎರಡನೇ ಕಂತಿಗೇ ಹೇಳಿದ್ದಳು.

ಆರನೇ ಕಂತಿನ ಆ ಒಂದು ರಾತ್ರಿಯ ದೃಶ್ಯ ಬಂತು ನೋಡಿ, ಎಲ್ಲರೂ ಎಲ್ಲವನ್ನೂ ಕೈಬಿಟ್ಟರು. ಲೋಟ ಹೋಯಿತು, ನಕ್ಷೆ ಹೋಯಿತು, ಪಟ್ಟಿ ಹೋಯಿತು. ‘ಅವನೇ ಒಪ್ಪಿಕೊಂಡನಲ್ಲ ಆಂಟಿ, ಇನ್ನೇನು?’ ಎಂದ ಮೇಲಿನ ಮನೆಯ ಹುಡುಗ. ನನಗೆ ನೋವಾಗಿದ್ದು ಅಲ್ಲಿ.

ಕಥೆ ನೆನಪು ಮಾಡಿಕೊಳ್ಳಿ. ಒಂಟಿಯಾಗಿದ್ದ ನಿವೃತ್ತ ಟೀಚರ್ ರಾತ್ರಿ ಒಂಬತ್ತರಿಂದ ಹನ್ನೊಂದರ ನಡುವೆ ಸತ್ತಿದ್ದಾರೆ. ಕುತ್ತಿಗೆಗೆ ಹಗ್ಗ ಬಿಗಿದ ಗುರುತು. ಸರ ಕಾಣೆಯಾಗಿದೆ. ಬೆಳಿಗ್ಗೆ ನೋಡಿ ಕೂಗಿಕೊಂಡವನು ಅಣ್ಣನ ಮಗ. ಸಂಶಯ ಹೋಗಿದ್ದು ಪೇಪರ್ ಹಾಕುವ ಹುಡುಗನ ಮೇಲೆ. ಯಾಕೆ? ಹಿಂದಿನ ವಾರ ದುಡ್ಡಿನ ವಿಷಯಕ್ಕೆ ಟೀಚರ್ ಅವನನ್ನು ಗದರಿದ್ದರು. ಇಷ್ಟೇ. ಅವನಿಗೆ ಹತ್ತೊಂಬತ್ತು ವರ್ಷ. ಅವನ ಜೊತೆ ಠಾಣೆಗೆ ಬರುವವರು ಯಾರೂ ಇಲ್ಲ.

ಆಮೇಲೆ ವಿಚಾರಣೆಯ ಕೋಣೆ. ಇನ್ಸ್‌ಪೆಕ್ಟರ್ ಪಾತ್ರ ಮಾಡುವವರು ಒಳ್ಳೆಯ ನಟರು, ಅದರಲ್ಲಿ ಎರಡು ಮಾತಿಲ್ಲ. ಕೈ ಎತ್ತುವುದಿಲ್ಲ, ದನಿ ಎತ್ತುವುದಿಲ್ಲ. ನೀರು ಕೊಡುತ್ತಾರೆ, ಹೆಗಲ ಮೇಲೆ ಕೈ ಇಡುತ್ತಾರೆ. ‘ನೀನು ಬೇಕಂತ ಮಾಡಿಲ್ಲ ಅಲ್ವಾ? ಸಿಟ್ಟಲ್ಲಿ ಆಗಿಹೋಯ್ತು ಅಲ್ವಾ?’ ಅನ್ನುತ್ತಾರೆ. ನನ್ನ ತಂಗಿಗೆ ಹಿಡಿಸಿದ್ದೇ ಇದು. ‘ಎಷ್ಟು ಮೆತ್ತಗೆ ಬಾಯಿ ಬಿಡಿಸಿದರು ನೋಡು ಅಕ್ಕಾ, ಒಂದೇಟು ಹೊಡೆಯಲಿಲ್ಲ’ ಎಂದಳು.

ಹೊಡೆಯಲಿಲ್ಲ, ನಿಜ. ಆದರೆ ಆ ಮೆತ್ತಗಿನ ಮಾತು ಏನು ಮಾಡುತ್ತಿದೆ ನೋಡಿ. ಅದು ಹುಡುಗನ ಮುಂದೆ ಎರಡೇ ದಾರಿ ಇಡುತ್ತಿದೆ. ಬೇಕಂತ ಕೊಂದೆಯಾ, ಸಿಟ್ಟಲ್ಲಿ ಕೊಂದೆಯಾ? ಕೊಂದೇ ಇಲ್ಲ ಎನ್ನುವ ಮೂರನೇ ದಾರಿ ಆ ಕೋಣೆಯಲ್ಲಿ ಇಲ್ಲವೇ ಇಲ್ಲ. ಅವನು ಮೂರು ಸಲ ‘ನಾನಲ್ಲ ಸಾರ್’ ಎಂದ. ಮೂರು ಸಲವೂ ಇನ್ಸ್‌ಪೆಕ್ಟರ್ ಅದನ್ನು ಕೇಳಿಸಿಕೊಳ್ಳಲೇ ಇಲ್ಲ ಎಂಬಂತೆ ಮುಂದೆ ಹೋದರು. ನಾಲ್ಕನೇ ಸಲ ಅವನು ಹಾಗೆ ಹೇಳಲಿಲ್ಲ.

ಈಗ ಹಗ್ಗದ ವಿಷಯ. ನಮ್ಮ ಗುಂಪಿನಲ್ಲಿ ಎಲ್ಲರೂ ಹಿಡಿದುಕೊಂಡಿದ್ದು ಇದನ್ನೇ. ‘ಕಿಟಕಿ ಪರದೆಯ ಹಗ್ಗದಿಂದ ಬಿಗಿದದ್ದು ಅಂತ ಹೊರಗೆ ಯಾರಿಗೂ ಗೊತ್ತಿರಲಿಲ್ಲ. ಕೊಂದವನಿಗಲ್ಲದೆ ಅವನಿಗೆ ಹೇಗೆ ಗೊತ್ತಾಯಿತು?’ ಒಳ್ಳೆಯ ಪ್ರಶ್ನೆ. ಉತ್ತರ ಅದೇ ದೃಶ್ಯದಲ್ಲಿದೆ. ಇನ್ಸ್‌ಪೆಕ್ಟರ್ ಕೇಳುತ್ತಾರೆ, ‘ಹಗ್ಗ ಎಲ್ಲಿಂದ ತಗೊಂಡೆ?’ ಹುಡುಗ ಬಾಯಿ ಬಿಡುವುದಿಲ್ಲ. ‘ಕಿಟಕಿ ಪರದೆಯದ್ದು ಅಲ್ವಾ?’ ಹುಡುಗ ತಲೆ ಆಡಿಸುತ್ತಾನೆ. ಹಗ್ಗ ಎಂಬ ಮಾತನ್ನೂ ಪರದೆ ಎಂಬ ಮಾತನ್ನೂ ಮೊದಲು ಆಡಿದ್ದು ಇನ್ಸ್‌ಪೆಕ್ಟರ್. ಮೇಜಿನ ಮೇಲೆ ಫೈಲು ತೆರೆದೇ ಇದೆ, ಫೋಟೋಗಳು ಕಾಣುತ್ತಿವೆ. ಆದರೆ ಕಂತಿನ ಕೊನೆಗೆ ಓದುವ ಹೇಳಿಕೆಯಲ್ಲಿ ಏನಿದೆ? ‘ನಾನು ಕಿಟಕಿಯ ಪರದೆಗೆ ಕಟ್ಟಿದ್ದ ಹಗ್ಗವನ್ನು ಬಿಚ್ಚಿಕೊಂಡು ಟೀಚರ್ ಕುತ್ತಿಗೆಗೆ ಬಿಗಿದೆನು.’

ನನ್ನ ಕೆಲಸದ ಅನುಭವ ಇಲ್ಲಿ ಹೇಳಲೇಬೇಕು. ಮಾತು ಹಾಳೆಗೆ ಇಳಿಯುವಾಗ ಸಾಮಾನ್ಯವಾಗಿ ಮೊದಲು ಮಾಯವಾಗುವುದು ಪ್ರಶ್ನೆ. ‘ಅಂಗಿ ನೀಲಿ ಇತ್ತಾ?’ ‘ಹೂಂ.’ ಟೈಪ್ ಆದಾಗ ಅದು ‘ಅಂಗಿ ನೀಲಿ ಬಣ್ಣದ್ದಾಗಿತ್ತು’ ಎಂದಾಗುತ್ತದೆ. ಹೂಂ ಎಂದವನು ಒಂದು ಇಡೀ ವಾಕ್ಯದ ಒಡೆಯನಾಗಿಬಿಡುತ್ತಾನೆ. ಕೋರ್ಟಿನಲ್ಲಿ ಇದಕ್ಕೆ ಸ್ವಲ್ಪ ಕಾವಲು ಇದೆ. ತನ್ನ ಕಡೆಯ ಸಾಕ್ಷಿಯ ಬಾಯಿಗೆ ವಕೀಲರು ಉತ್ತರ ತುರುಕಿದರೆ ಎದುರಿನವರು ತಕ್ಷಣ ಆಕ್ಷೇಪ ಎತ್ತುತ್ತಾರೆ. ಪಾಟಿ ಸವಾಲಿನಲ್ಲಿ, ಅಂದರೆ ಎದುರು ಕಡೆಯ ವಕೀಲರು ಸಾಕ್ಷಿಯನ್ನು ಪ್ರಶ್ನಿಸುವಾಗ, ವಕೀಲರೇ ಸೂಚಿಸಿದ ಮಾತಾದರೆ ‘ಹೀಗೆ ಎಂದರೆ ಸರಿ’, ‘ಹೀಗೆ ಎಂದರೆ ಸರಿಯಲ್ಲ’ ಎಂದು ಬರೆಯುವ ರೂಢಿ ಇದೆ. ಹಾಗಾಗಿ ಮುಂದೆ ಓದುವವರಿಗೆ ಈ ಸಂಗತಿ ವಕೀಲರ ಬಾಯಿಂದ ಬಂದದ್ದು ಎಂಬ ಸುಳಿವು ಉಳಿಯುತ್ತದೆ. ಮುಚ್ಚಿದ ಕೋಣೆಯಲ್ಲಿ, ರಾತ್ರಿ ಎರಡು ಗಂಟೆಗೆ, ಆ ಸುಳಿವು ಉಳಿಸುವವರು ಯಾರು?

ಇದು ನನ್ನೊಬ್ಬಳ ಅನುಮಾನ ಅಲ್ಲ. ಬ್ರ್ಯಾಂಡನ್ ಗ್ಯಾರೆಟ್ ಎಂಬ ಅಮೆರಿಕದ ಕಾನೂನು ಪ್ರಾಧ್ಯಾಪಕರು 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ತಪ್ಪೊಪ್ಪಿಕೊಂಡು ಶಿಕ್ಷೆಗೆ ಒಳಗಾಗಿ, ಆಮೇಲೆ ಡಿಎನ್‌ಎ ಪರೀಕ್ಷೆಯಿಂದ ನಿರಪರಾಧಿಗಳೆಂದು ತಿಳಿದುಬಂದ 40 ಜನರ ಹೇಳಿಕೆಗಳನ್ನು ಅವರು ಓದಿದರು. ಅದರಲ್ಲಿ 38 ಹೇಳಿಕೆಗಳಲ್ಲಿ ‘ಅಪರಾಧ ಮಾಡಿದವನಿಗೆ ಮಾತ್ರ ಗೊತ್ತಿರುವಂಥ’ ವಿವರಗಳಿದ್ದವು. ಆ ಜನ ಅಲ್ಲಿ ಇರಲೇ ಇಲ್ಲ, ಆದರೂ ಹೇಳಿಕೆಯಲ್ಲಿ ವಿವರ ಇದೆ. ಅಂದರೆ ಅದು ಹೊರಗಿನಿಂದ ಬಂದಿದೆ. ಕೇಳಿದ ಪ್ರಶ್ನೆಗಳಿಂದ, ತೋರಿಸಿದ ಫೋಟೋಗಳಿಂದ, ಕರೆದುಕೊಂಡು ಹೋಗಿ ತೋರಿಸಿದ ಜಾಗದಿಂದ. ಕೇಳುವವರು ಬೇಕಂತಲೇ ಹೇಳಿಕೊಟ್ಟಿರಬೇಕು ಎಂದೇನಿಲ್ಲ. ಇವನೇ ಮಾಡಿದ್ದು ಎಂದು ನಂಬಿ ಕೇಳುವಾಗ ಉತ್ತರ ತಾನಾಗಿಯೇ ಪ್ರಶ್ನೆಯೊಳಗೆ ಬಂದು ಕೂರುತ್ತದೆ.

‘ಮಾಡದೇ ಇದ್ದವನು ಯಾಕೆ ಒಪ್ಪಿಕೊಳ್ಳುತ್ತಾನೆ? ನಾನಾಗಿದ್ದರೆ ಸತ್ತರೂ ಒಪ್ಪುತ್ತಿರಲಿಲ್ಲ.’ ಗೆಳತಿ ಹೇಳಿದ ಮಾತು ಇದು. ಬಹಳ ಜನರ ಮನಸ್ಸಿನಲ್ಲಿರುವ ಮಾತೂ ಇದೇ. ಇದಕ್ಕೆ ನಿಧಾನವಾಗಿ ಉತ್ತರ ಕೊಡಬೇಕು.

ಮೊದಲನೆಯದು ಹೊತ್ತು. ನಾವು ನೋಡಿದ ದೃಶ್ಯ ಕೆಲವೇ ನಿಮಿಷದ್ದು. ಗೋಡೆಯ ಗಡಿಯಾರ ಮಾತ್ರ ಸಂಜೆ ಏಳರಿಂದ ಬೆಳಗಿನ ಜಾವ ನಾಲ್ಕಕ್ಕೆ ಹೋಗಿತ್ತು. ನಡುವಿನ ಹೊತ್ತನ್ನು ಕತ್ತರಿಸಿದ್ದಾರೆ. ಮನುಷ್ಯ ಕುಸಿಯುವುದು ಆ ಕತ್ತರಿಸಿದ ಹೊತ್ತಿನಲ್ಲೇ. ಸ್ಟೀವನ್ ಡ್ರಿಜಿನ್ ಮತ್ತು ರಿಚರ್ಡ್ ಲಿಯೋ ಎಂಬಿಬ್ಬರು 2004ರಲ್ಲಿ 125 ಸುಳ್ಳು ತಪ್ಪೊಪ್ಪಿಗೆಗಳನ್ನು ಅಧ್ಯಯನ ಮಾಡಿದ್ದರು. ಎಷ್ಟು ಹೊತ್ತು ವಿಚಾರಣೆ ನಡೆಯಿತು ಎಂದು ತಿಳಿದಿದ್ದ ಪ್ರಕರಣಗಳಲ್ಲಿ ಸರಾಸರಿ 16 ಗಂಟೆಗೂ ಜಾಸ್ತಿ. ಹಾಗೆ ಒಪ್ಪಿಕೊಂಡವರಲ್ಲಿ ಮೂರರಲ್ಲಿ ಒಬ್ಬರಷ್ಟು 18 ತುಂಬದ ಮಕ್ಕಳು. ನಿದ್ದೆ ಇಲ್ಲ, ಹಸಿವು, ಹೆದರಿಕೆ. ನಾಳೆ ಏನಾಗುತ್ತದೆ ಎಂಬುದಕ್ಕಿಂತ ಈ ಕೋಣೆಯಿಂದ ಈಗ ಹೊರಗೆ ಹೋಗುವುದೇ ದೊಡ್ಡದಾಗುತ್ತದೆ. ನಮ್ಮ ಹುಡುಗ ಸಹಿ ಹಾಕಿದ ಮೇಲೆ ಏನು ಕೇಳಿದ, ಗಮನಿಸಿದಿರಾ? ‘ಈಗ ಮನೆಗೆ ಹೋಗಬಹುದಾ ಸಾರ್?’ ಕೊಲೆ ಒಪ್ಪಿಕೊಂಡವನು ಕೇಳುವ ಪ್ರಶ್ನೆಯಾ ಇದು? ಹಿನ್ನೆಲೆ ಸಂಗೀತ ಜೋರಾಗಿತ್ತು. ಆ ಮಾತು ಬಹಳ ಜನರ ಕಿವಿಗೆ ಬೀಳಲೇ ಇಲ್ಲ ಎಂದು ಕಾಣುತ್ತದೆ.

1989ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಓಡಲು ಹೋಗಿದ್ದ ಹೆಣ್ಣುಮಗಳೊಬ್ಬಳ ಮೇಲೆ ಭೀಕರ ದಾಳಿ ನಡೆಯಿತು. ಹದಿಹರೆಯದ ಹುಡುಗರನ್ನು ಹಿಡಿದು ಗಂಟೆಗಟ್ಟಲೆ ವಿಚಾರಣೆ ಮಾಡಿದರು. ಒಪ್ಪಿಕೊಂಡರೆ ಮನೆಗೆ ಬಿಡುತ್ತಾರೆ ಎಂದು ತಿಳಿದೆವು ಎಂದು ಆಮೇಲೆ ಅವರು ಹೇಳಿದರು. ಐವರಿಗೆ ಶಿಕ್ಷೆಯಾಯಿತು. 2002ರಲ್ಲಿ ಬೇರೊಬ್ಬ, ಆಗಲೇ ಜೈಲಿನಲ್ಲಿದ್ದವನು, ಅದನ್ನು ಮಾಡಿದ್ದು ತಾನೊಬ್ಬನೇ ಎಂದ. ಅವನ ಡಿಎನ್‌ಎ ಹೊಂದಿಕೆಯಾಯಿತು. ಐವರ ಶಿಕ್ಷೆಯೂ ರದ್ದಾಯಿತು. ಅಷ್ಟರಲ್ಲಿ ಅವರ ಹರೆಯವೆಲ್ಲ ಜೈಲಿನಲ್ಲಿ ಕಳೆದುಹೋಗಿತ್ತು.

ಎರಡನೆಯದು, ನಾವು ಅಂದುಕೊಂಡಷ್ಟು ಗಟ್ಟಿ ನಾವಲ್ಲ. ಸಾಲ್ ಕ್ಯಾಸಿನ್ ಎಂಬ ಮನಶ್ಶಾಸ್ತ್ರಜ್ಞರು 1996ರಲ್ಲಿ ಕಾಲೇಜು ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಮಾಡಿ ಪ್ರಕಟಿಸಿದರು. ಕಂಪ್ಯೂಟರ್ ಮುಂದೆ ಕೂರಿಸಿ, ಒಂದು ಕೀಲಿಯನ್ನು ಮಾತ್ರ ಒತ್ತಬೇಡಿ, ಒತ್ತಿದರೆ ಎಲ್ಲ ಹಾಳಾಗುತ್ತದೆ ಎಂದು ಹೇಳಿದ್ದರು. ಸ್ವಲ್ಪ ಹೊತ್ತಿಗೆ ಕಂಪ್ಯೂಟರ್ ತಾನಾಗಿಯೇ ನಿಂತುಹೋಗುವಂತೆ ಮಾಡಿದ್ದರು. ‘ನೀನೇ ಒತ್ತಿದೆ’ ಎಂದು ಆರೋಪ. ಯಾರೂ ಒತ್ತಿರಲಿಲ್ಲ. ಆದರೂ 69% ಜನ ತಪ್ಪೊಪ್ಪಿಗೆಗೆ ಸಹಿ ಹಾಕಿದರು. ವೇಗವಾಗಿ ಟೈಪ್ ಮಾಡಿಸಿ, ಜೊತೆಗೆ ‘ಒತ್ತಿದ್ದನ್ನು ನಾನು ನೋಡಿದೆ’ ಎಂದು ಒಬ್ಬರಿಂದ ಸುಳ್ಳು ಹೇಳಿಸಿದಾಗ ಪ್ರತಿಯೊಬ್ಬರೂ ಸಹಿ ಹಾಕಿದರು. ಕೆಲವರು ತಾವು ಒತ್ತಿದ್ದು ಹೇಗೆ ಎಂದು ವಿವರಿಸಿಯೂ ಬಿಟ್ಟರು. ಇದು ಕೊಲೆಯ ಆರೋಪ ಅಲ್ಲ, ಒಂದು ಕೀಲಿಯ ವಿಷಯ, ಒಪ್ಪುತ್ತೇನೆ. ಆದರೆ ಅಲ್ಲಿ ರಾತ್ರಿಯಿಡೀ ಕೂರಿಸಿರಲೂ ಇಲ್ಲ.

ಆರನೇ ಕಂತಿನಲ್ಲೂ ಅಂಥದ್ದೇ ಒಂದು ಸುಳ್ಳು ಇದೆ. ‘ನಿನ್ನನ್ನು ಅಲ್ಲಿ ನೋಡಿದವರು ಇದ್ದಾರೆ’ ಅನ್ನುತ್ತಾರೆ ಇನ್ಸ್‌ಪೆಕ್ಟರ್. ಹಿಂದಿನ ಐದು ಕಂತುಗಳಲ್ಲಿ ಅಂಥ ಸಾಕ್ಷಿ ಯಾರೂ ಬಂದಿಲ್ಲ. ನನ್ನ ಗೆಳತಿಯ ಪಟ್ಟಿಯನ್ನೇ ತೆಗೆದು ನೋಡಬಹುದು.

ಡಿಎನ್‌ಎ ಎಂದರೆ ಅಪರಾಧಿಯನ್ನು ಹಿಡಿಯುವ ಸಾಧನ ಎಂದು ಈ ಧಾರಾವಾಹಿಗಳು ನಮಗೆ ಕಲಿಸಿವೆ. ಆದರೆ ಕೊಲೆ ತನಿಖೆಯಲ್ಲಿ ಅದು ಮೊಟ್ಟಮೊದಲು ಮಾಡಿದ ಕೆಲಸ ಒಪ್ಪಿಕೊಂಡವನನ್ನು ಬಿಡಿಸಿದ್ದು. ಇಂಗ್ಲೆಂಡಿನ ಲೆಸ್ಟರ್‌ಶೈರ್‌ನಲ್ಲಿ 1983ರಲ್ಲಿ ಒಬ್ಬಳು, 1986ರಲ್ಲಿ ಇನ್ನೊಬ್ಬಳು, ಇಬ್ಬರು ಹದಿನೈದು ವರ್ಷದ ಹುಡುಗಿಯರ ಕೊಲೆಯಾಯಿತು. ಹದಿನೇಳರ ಹುಡುಗನೊಬ್ಬ ಎರಡನೆಯದನ್ನು ಒಪ್ಪಿಕೊಂಡ. ಮೊದಲನೆಯದನ್ನೂ ಅವನೇ ಮಾಡಿರಬೇಕು ಎಂದು ಸಾಬೀತು ಮಾಡಲು ಪೊಲೀಸರು ಅಲೆಕ್ ಜೆಫ್ರಿಸ್ ಅವರ ಹತ್ತಿರ ಹೋದರು. ಜೆಫ್ರಿಸ್ ಡಿಎನ್‌ಎ ಗುರುತಿನ ವಿಧಾನವನ್ನು 1984ರಲ್ಲಷ್ಟೇ ಕಂಡುಹಿಡಿದಿದ್ದರು. ಪರೀಕ್ಷೆ ಹೇಳಿದ್ದೇನು? ಎರಡೂ ಒಬ್ಬನದೇ ಕೆಲಸ, ಆದರೆ ಈ ಹುಡುಗನದ್ದಲ್ಲ. ಹುಡುಗನನ್ನು ಬಿಟ್ಟರು. ಆಮೇಲೆ ಸುತ್ತಲಿನ ಸಾವಿರಾರು ಗಂಡಸರ ರಕ್ತ ಪರೀಕ್ಷೆ ಮಾಡಿದರು. ನಿಜವಾದ ಅಪರಾಧಿ ತನ್ನ ಹೆಸರಿನಲ್ಲಿ ಬೇರೊಬ್ಬನಿಂದ ರಕ್ತ ಕೊಡಿಸಿ ತಪ್ಪಿಸಿಕೊಂಡಿದ್ದ. ರಕ್ತ ಕೊಟ್ಟವನು ಆ ಮಾತನ್ನು ಪಬ್ಬಿನಲ್ಲಿ ಆಡಿದ, ಕೇಳಿಸಿಕೊಂಡವರೊಬ್ಬರು ಪೊಲೀಸರಿಗೆ ತಿಳಿಸಿದರು. 1988ರಲ್ಲಿ ಕಾಲಿನ್ ಪಿಚ್‌ಫೋರ್ಕ್‌ಗೆ ಶಿಕ್ಷೆಯಾಯಿತು. ಒಪ್ಪಿಗೆಯೊಂದೇ ಸಾಕು ಎಂದು ಅವರು ಫೈಲು ಮುಚ್ಚಿದ್ದರೆ ಪಿಚ್‌ಫೋರ್ಕ್ ಹೊರಗೇ ಇರುತ್ತಿದ್ದ. ನಿರಪರಾಧಿ ಒಳಗೆ ಹೋದ ಪ್ರತಿ ಕಥೆಯಲ್ಲೂ ಈ ಇನ್ನೊಂದು ಅರ್ಧ ಇದೆ. ಟೀಚರನ್ನು ಕೊಂದವರು ಇನ್ನೂ ಹೊರಗಿದ್ದಾರೆ ಎಂಬುದು ಈ ವಾರ ನಮ್ಮ ಯಾರ ಚರ್ಚೆಯಲ್ಲೂ ಬರಲಿಲ್ಲ.

ಹಾಗಾದರೆ ಒಪ್ಪಿಕೊಂಡದ್ದನ್ನೆಲ್ಲ ಕಸಕ್ಕೆ ಹಾಕಬೇಕಾ? ಖಂಡಿತ ಇಲ್ಲ. ನಿಜವಾಗಿ ಮಾಡಿದವರೂ ಒಪ್ಪಿಕೊಳ್ಳುತ್ತಾರೆ. ಪರೀಕ್ಷಿಸುವ ದಾರಿ ಇದೆ. ಪೊಲೀಸರಿಗೆ ಮೊದಲೇ ಗೊತ್ತಿರದ ಏನನ್ನಾದರೂ ಆ ಹೇಳಿಕೆ ತೋರಿಸಿಕೊಟ್ಟಿತಾ ಎಂದು ನೋಡಬೇಕು. ಭಾರತದ ಕಾನೂನಿನ ತಿರುಳೂ ಇದೇ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತು ಮಾಡುವಂತಿಲ್ಲ ಎಂದು 1872ರ ಸಾಕ್ಷ್ಯ ಕಾಯ್ದೆ ಹೇಳಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಅದನ್ನೇ ಉಳಿಸಿಕೊಂಡಿದೆ. ವಶದಲ್ಲಿದ್ದವನ ಮಾತಿನಿಂದ ಹೊಸದೊಂದು ಸಂಗತಿ ಪತ್ತೆಯಾದರೆ, ಅದಕ್ಕೆ ಸಂಬಂಧಪಟ್ಟಷ್ಟು ಮಾತಿಗೆ ಮಾತ್ರ ಬೆಲೆ.

ಆ ಅಳತೆಗೋಲು ಹಿಡಿದು ನಮ್ಮ ಹುಡುಗನ ಹೇಳಿಕೆ ನೋಡಿ. ಸರವನ್ನು ಕಾಲುವೆಗೆ ಎಸೆದೆ ಎಂದ. ಹುಡುಕಿದರು, ಸಿಗಲಿಲ್ಲ. ‘ನೀರು ಕೊಚ್ಚಿಕೊಂಡು ಹೋಗಿರಬೇಕು’ ಎಂದು ಇನ್ಸ್‌ಪೆಕ್ಟರ್ ಒಂದೇ ಮಾತಿನಲ್ಲಿ ಮುಗಿಸಿದರು. ಹಿಂದಿನ ಕಿಟಕಿಯಿಂದ ಹಾರಿ ಹೋದೆ ಎಂದ. ಎರಡನೇ ಕಂತಿನಲ್ಲಿ ಆ ಕಿಟಕಿಯ ಕಟ್ಟೆಯ ಮೇಲೆ ಧೂಳು ಕದಡದೆ ಇತ್ತು, ಕ್ಯಾಮೆರಾ ಹತ್ತಿರ ಹೋಗಿ ತೋರಿಸಿತ್ತು. ಕೋಣೆ ಕತ್ತಲಾಗಿತ್ತು ಎಂದ. ಮೊದಲ ಕಂತಿನಲ್ಲಿ ಅಣ್ಣನ ಮಗ ಒಳಗೆ ಬಂದಾಗ ಮೇಜಿನ ದೀಪ ಉರಿಯುತ್ತಲೇ ಇತ್ತು. ಇನ್ನು ಎರಡನೇ ಲೋಟ. ಅದರ ಬಗ್ಗೆ ಹುಡುಗ ಒಂದು ಮಾತೂ ಹೇಳಿಲ್ಲ. ಯಾಕೆಂದರೆ ಇನ್ಸ್‌ಪೆಕ್ಟರ್ ಕೇಳಲಿಲ್ಲ. ಇನ್ಸ್‌ಪೆಕ್ಟರಿಗೆ ಗೊತ್ತಿದ್ದದ್ದು ಹುಡುಗನಿಗೂ ಗೊತ್ತಿದೆ, ಅವರು ಗಮನಿಸದೇ ಬಿಟ್ಟಿದ್ದು ಇವನಿಗೂ ಗೊತ್ತಿಲ್ಲ. ಇದಕ್ಕಿಂತ ದೊಡ್ಡ ಸುಳಿವು ಈ ಧಾರಾವಾಹಿಯಲ್ಲಿ ಇದುವರೆಗೆ ಬಂದಿಲ್ಲ ಎಂದೇ ನನ್ನ ಅಭಿಪ್ರಾಯ.

ಇದನ್ನು ಬರೆದವರು ಬೇಕೆಂದೇ ಹೀಗೆ ಇಟ್ಟಿದ್ದಾರಾ, ಇಲ್ಲವೇ ಅವರೂ ಒಪ್ಪಿಗೆಯಿಂದ ಕಥೆ ಮುಗಿಸುತ್ತಾರಾ? ಉಳಿದಿರುವುದು ಎರಡೇ ಕಂತು. ಧೂಳನ್ನು ಅಷ್ಟು ಹತ್ತಿರದಿಂದ ತೋರಿಸಿದವರು ಅದನ್ನು ಮರೆಯಲಾರರು ಎಂದು ನಾನು ನಂಬಿದ್ದೇನೆ. ಹುಡುಗನಿಗೆ ಒಬ್ಬ ವಕೀಲರು ಬರಲಿ. ಪಾಟಿ ಸವಾಲಿನಲ್ಲಿ ಇನ್ಸ್‌ಪೆಕ್ಟರನ್ನು ಒಂದೇ ಪ್ರಶ್ನೆ ಕೇಳಲಿ, ‘ಪರದೆ ಎಂಬ ಮಾತನ್ನು ಮೊದಲು ಆಡಿದ್ದು ಯಾರು?’ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1984ರ ಕಾಯ್ದೆಯ ನಂತರ ಠಾಣೆಯ ವಿಚಾರಣೆಯನ್ನು ಧ್ವನಿಮುದ್ರಿಸುವ ಪದ್ಧತಿ ಬಂದಿದ್ದು ಈ ಪ್ರಶ್ನೆಗೆ ಉತ್ತರ ಸಿಗಲಿ ಎಂದೇ. 1990ರ ದಶಕದಲ್ಲಿ ಅಲ್ಲಿನ ಪೊಲೀಸರ ತರಬೇತಿಯೂ ಬದಲಾಯಿತು. ಒಪ್ಪಿಸುವುದು ಗುರಿಯಲ್ಲ, ಮಾಹಿತಿ ಪಡೆಯುವುದು ಗುರಿ ಎಂದು ಕಲಿಸತೊಡಗಿದರು. ಅಂಥ ವಿಚಾರಣೆಯ ದೃಶ್ಯವೂ ರೋಚಕವಾಗಿರಬಹುದು. ‘ಆವತ್ತು ಏನಾಯಿತು, ನೀನೇ ಹೇಳು’ ಎಂದು ಕೇಳಿ ಸುಮ್ಮನೆ ಕಾಯುವ ಒಬ್ಬ ಅಧಿಕಾರಿಯನ್ನು ಕಲ್ಪಿಸಿಕೊಳ್ಳಿ. ಆರನೇ ಕಂತು ಮಾಡಿದ ನಟರಿಗೆ ಅದನ್ನು ಮಾಡಿ ತೋರಿಸುವ ಶಕ್ತಿ ಖಂಡಿತ ಇದೆ.

ಸಂಪಾದಕರೇ, ನಿಮ್ಮಲ್ಲಿ ಎರಡು ಬೇಡಿಕೆ. ಏಳನೇ ಕಂತಿನ ಬಗ್ಗೆ ಬರೆಯುವಾಗ ಆ ಹುಡುಗನನ್ನು ‘ಕೊಲೆಗಾರ’ ಎಂದು ಬರೆಯಬೇಡಿ. ಆರೋಪಿ ಎನ್ನಿ. ಅವನು ಕಥೆಯ ಹುಡುಗ, ನಿಜ. ಆದರೆ ಓದುಗರು ಈ ಪುಟದಲ್ಲಿ ರೂಢಿ ಮಾಡಿಕೊಂಡದ್ದನ್ನೇ ಅಪರಾಧ ಸುದ್ದಿಯ ಪುಟಕ್ಕೂ ಒಯ್ಯುತ್ತಾರೆ. ನಾಳೆ ಯಾರಾದರೂ ಅದೇ ಕಣ್ಣಿನಿಂದ ನಿಜವಾದ ಒಬ್ಬ ಹುಡುಗನ ಫೋಟೋ ನೋಡುತ್ತಾರೆ. ಇನ್ನೊಂದು, ಸಾಧ್ಯವಾದರೆ ಶನಿವಾರಕ್ಕೆ ಮೊದಲು ಈ ಪತ್ರ ಹಾಕಿ. ಅಭಿಮಾನಿಗಳು ವಿಚಾರಣೆಯ ದೃಶ್ಯವನ್ನು ಇನ್ನೊಮ್ಮೆ ನೋಡಲಿ. ಹಾಳೆಯ ನಡುವೆ ಒಂದು ಗೆರೆ ಎಳೆದು, ಇನ್ಸ್‌ಪೆಕ್ಟರ್ ಮೊದಲು ಹೇಳಿದ್ದು ಒಂದು ಕಡೆ, ಹುಡುಗ ತಾನಾಗಿ ಹೇಳಿದ್ದು ಇನ್ನೊಂದು ಕಡೆ ಬರೆಯಲಿ. ಮೇಲಿನ ಮನೆಯ ಹುಡುಗ ನಿನ್ನೆ ಹಾಗೆ ಮಾಡಿದ. ಹುಡುಗನ ಕಡೆ ಬಂದದ್ದು ಕತ್ತಲು, ಕಿಟಕಿ, ಕಾಲುವೆ, ಈ ಮೂರೇ. ಮೂರೂ ಹೊಂದುವುದಿಲ್ಲ. ಈಗ ಅವನೂ ನನ್ನ ಗೆಳತಿಯೂ ಮತ್ತೆ ಎರಡನೇ ಲೋಟದ ಬೆನ್ನು ಹತ್ತಿದ್ದಾರೆ. ಅಣ್ಣನ ಮಗ ಆ ರಾತ್ರಿ ಎಲ್ಲಿದ್ದ ಎಂದು ಇದುವರೆಗೆ ಯಾರೂ ಅವನನ್ನು ಕೇಳಿಲ್ಲ ಎಂಬುದು ಅವರ ಪಟ್ಟಿಯಲ್ಲಿ ಈಗ ಮೊದಲನೇ ಸಾಲು.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು, ನಿವೃತ್ತ ಸ್ಟೆನೋ